ಅಲ್ಲಿ ಗಂಟೆ, ಇಲ್ಲಿ ಮೌನ

ತಿಕೋಟಾದಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಅಕ್ಷರ ದುಂಡಗಿವೆ, ಪ್ರಶ್ನೆ ಅದಕ್ಕಿಂತ ಚೆನ್ನಾಗಿದೆ. "ಸರ್, ನಮ್ಮ ಶಾಲೆಯ ಆಫೀಸಿನಲ್ಲಿ ಟೆಲಿಫೋನ್ ಇದೆ. ಪೆಟ್ಟಿಗೆಯಿಂದ ಮೇಜಿನವರೆಗೆ ಗೋಡೆಗುಂಟ ವಾಯರ್ ಎಳೆದಿದ್ದಾರೆ. ನಮ್ಮ ಅಪ್ಪಾರು ಮೊಬೈಲಿನಿಂದ ಕರೆ ಮಾಡಿದರೆ ಅವರಿಗೆ ಟ್ರಿಂಗ್ ಟ್ರಿಂಗ್ ಎಂದು ಕೇಳಿಸುತ್ತದಂತೆ. ಇಲ್ಲಿ ಫೋನು ಮಾತ್ರ ಬಾಯಿ ಬಿಡುವುದಿಲ್ಲ. ಇಲ್ಲಿ ಗಂಟೆ ಬಾರಿಸದೇ ಇದ್ದರೆ ಅವರಿಗೆ ಕೇಳಿಸುವ ಗಂಟೆ ಯಾವುದು?"

ಈ ಪ್ರಶ್ನೆಯನ್ನು ಓದಿದ ಕೂಡಲೇ ನನಗೆ 2003ರ ಬಬಲೇಶ್ವರ ನೆನಪಾಯಿತು. ಆಗ ನಾನು ಅಲ್ಲಿ ಒಬ್ಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮಗ ಪುಣೆಯಲ್ಲಿ ಕೆಲಸಕ್ಕಿದ್ದ. ತಾಯಿ ಒಬ್ಬಳೇ ಇರುತ್ತಾಳೆಂದು ಅವನೇ ಓಡಾಡಿ ಮನೆಗೆ ಫೋನ್ ಹಾಕಿಸಿದ್ದ. ಪ್ರತಿ ರವಿವಾರ ಸಂಜೆ ಏಳಕ್ಕೆ ಅವನ ಕರೆ. ಆಯಿಗೆ ನಂಬರು ಒತ್ತಲು ಬರುತ್ತಿರಲಿಲ್ಲ. ಗಂಟೆ ಬಾರಿಸಿದರೆ ಎತ್ತುವುದು, ಮಾತು ಮುಗಿದ ಮೇಲೆ ಸೆರಗಿನಿಂದ ಒರೆಸಿ ಇಡುವುದು, ಇಷ್ಟೇ ಅವಳ ಟೆಲಿಫೋನ್ ವಿದ್ಯೆ.

ಒಂದು ರವಿವಾರ ಕರೆ ಬರಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಏಳರಿಂದ ಒಂಬತ್ತರವರೆಗೆ ಫೋನಿನ ಮುಂದೆಯೇ ಕೂತಿದ್ದು ಎದ್ದು ಹೋದಳು. "ಹೆಂಡ್ತಿ ಮಕ್ಕಳು ಆದಮ್ಯಾಲ ಅವ್ವ ಯಾಕ ಬೇಕ್ರಿ ಮಾಸ್ತರ್ರ" ಎಂದು ನನಗೆ ಹೇಳಿದಳೇ ಹೊರತು ಫೋನನ್ನು ಎತ್ತಿ ನೋಡಲಿಲ್ಲ. ನನಗೂ ನೋಡಬೇಕೆಂದು ಹೊಳೆಯಲಿಲ್ಲ. ವಿಜ್ಞಾನದ ಮಾಸ್ತರನೆಂದು ಹೇಳಿಕೊಳ್ಳುವವನಿಗೆ ಇದು ಶೋಭೆಯಲ್ಲ, ಆದರೆ ನಡೆದದ್ದು ಹಾಗೆ.

ಮಂಗಳವಾರ ಬೆಳಗಿನ ಬಸ್ಸಿಗೆ ಮಗ ಬಂದಿಳಿದ. ಮುಖದಲ್ಲಿ ರಕ್ತವಿರಲಿಲ್ಲ. ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತೇ ಅವನು, "ಯವ್ವ, ಮೂರು ಐತವಾರ ಫೋನ್ ಮಾಡೀನಿ. ಗಂಟಿ ಹೊಡದು ಹೊಡದು ಬಂದ್ ಆಗ್ತಿತ್ತು. ನೀ ಯಾಕ ಎತ್ತಲಿಲ್ಲ? ನನ್ನ ಜೀವ ಹಾರಿಹೋಗಿತ್ತು" ಎಂದ. ಆಯಿಯ ಕೈ ಹಿಟ್ಟಿನಲ್ಲೇ ನಿಂತಿತು. "ಗಂಟಿ ಎಲ್ಲಿ ಹೊಡೀತೋ? ನಾ ಇಲ್ಲೇ ಕುಂತೀನಿ. ರಾತ್ರಿ ಇಲಿ ಓಡ್ಯಾಡಿದ್ದೂ ಕೇಳ್ತದ ನನಗ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ನಾವು ಕರೆ ಮಾಡಿದಾಗ ಕಿವಿಗೆ ಬೀಳುವ ಟ್ರಿಂಗ್ ಟ್ರಿಂಗ್ ಆಚೆ ಮನೆಯ ಗಂಟೆಯ ಸದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಆ ಸದ್ದನ್ನು ಎಕ್ಸ್‌ಚೇಂಜು ತಾನೇ ಹುಟ್ಟಿಸಿ, ಕರೆ ಮಾಡಿದವನ ಸಮಾಧಾನಕ್ಕೆ ಅವನ ಕಡೆಗೆ ಕಳಿಸುತ್ತದೆ. ಕರೆ ಪಡೆಯುವವನ ಕಡೆಗೆ ಹೋಗುವುದು ಬೇರೆಯೇ ಒಂದು ವಿದ್ಯುತ್ತು. ಎರಡೂ ಒಟ್ಟಿಗೆ ಹೊರಡುತ್ತವೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ದಾರಿಯಲ್ಲಿ ತಂತಿ ಹರಿದಿದ್ದರೆ ಎಕ್ಸ್‌ಚೇಂಜಿಗೆ ಅದು ತಿಳಿಯುವುದಿಲ್ಲ. ಯಾರೂ ಎತ್ತುತ್ತಿಲ್ಲ ಎಂದಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ಪುಣೆಯಲ್ಲಿ ಗಂಟೆ, ಬಬಲೇಶ್ವರದಲ್ಲಿ ಮೌನ. ತಿಕೋಟಾದ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧಕ್ಕೆ ಆ ಎರಡು ತಂತಿಗಳೊಳಗೆ ಏನು ನಡೆಯುತ್ತದೆಂದು ನೋಡಬೇಕು.

ತಾಮ್ರದ ತಂತಿಯ ಟೆಲಿಫೋನಿಗೆ ಮನೆಯ ಕರೆಂಟು ಬೇಕಿಲ್ಲ. ಎಕ್ಸ್‌ಚೇಂಜಿನಲ್ಲಿ ಎರಡೆರಡು ವೋಲ್ಟಿನ 24 ಸೀಸದ ಬ್ಯಾಟರಿ ಕೋಶಗಳನ್ನು ಸಾಲಾಗಿ ಜೋಡಿಸಿರುತ್ತಾರೆ. 24 ಎರಡಲ 48. ಈ 48 ವೋಲ್ಟು ಎರಡು ತಂತಿಗಳ ಮೂಲಕ ನಿಮ್ಮ ಮನೆಯವರೆಗೆ ಬಂದು ನಿಂತಿರುತ್ತದೆ. ನಿಂತಿರುತ್ತದೆ ಎಂದೇ ಹೇಳಬೇಕು, ಏಕೆಂದರೆ ಫೋನು ಕೆಳಗಿಟ್ಟಾಗ ಒಳಗಿನ ಸ್ವಿಚ್ಚು ತೆರೆದಿರುತ್ತದೆ, ಕರೆಂಟು ಹರಿಯುವುದಿಲ್ಲ. ನೀವು ಎತ್ತಿದ ಕೂಡಲೇ ಸ್ವಿಚ್ಚು ಕೂಡುತ್ತದೆ. ಒಂದು ತಂತಿಯಿಂದ ಹೋದ ಕರೆಂಟು ಫೋನಿನೊಳಗೆ ಹಾದು ಇನ್ನೊಂದರಿಂದ ಮರಳುತ್ತದೆ. ಬಹಳವೇನಲ್ಲ, ಸುಮಾರು 20ರಿಂದ 40 ಮಿಲಿ ಆಂಪಿಯರ್. 'ಇವರು ಫೋನ್ ಎತ್ತಿದರು' ಎಂದು ಎಕ್ಸ್‌ಚೇಂಜಿಗೆ ತಿಳಿಯುವುದು ಈ ಕರೆಂಟಿನಿಂದ. ಕರೆಯ ಲೆಕ್ಕ ಶುರುವಾಗುವುದೂ ಆಗಲೇ. ಪುಣೆಯ ಮಗ ಎಸ್‌ಟಿಡಿ ಬೂತಿನಲ್ಲಿ ಮೂರು ವಾರ ಗಂಟೆ ಕೇಳಿಸಿಕೊಂಡರೂ ಒಂದು ಪೈಸೆ ಬಿಲ್ಲು ಏರಿರಲಿಲ್ಲ.

ಹಾಗಾದರೆ ಸ್ವಿಚ್ಚು ತೆರೆದಿರುವಾಗ ಗಂಟೆ ಹೇಗೆ ಬಾರಿಸುತ್ತದೆ? ಗಂಟೆಯ ಸುರುಳಿಯನ್ನು ಒಂದು ಕೆಪಾಸಿಟರ್ ಮೂಲಕ ತಂತಿಗಳಿಗೆ ಜೋಡಿಸಿರುತ್ತಾರೆ. ಕೆಪಾಸಿಟರ್ ಏಕಮುಖ ವಿದ್ಯುತ್ತನ್ನು ತಡೆಯುತ್ತದೆ, ಪರ್ಯಾಯ ವಿದ್ಯುತ್ತಿಗೆ ದಾರಿ ಕೊಡುತ್ತದೆ. ಆದ್ದರಿಂದ 48 ವೋಲ್ಟು ಬಾಗಿಲಲ್ಲೇ ಕಾಯುತ್ತದೆ, ಕರೆ ಬಂದಾಗ ಎಕ್ಸ್‌ಚೇಂಜು ಕಳಿಸುವ ಸುಮಾರು 75 ವೋಲ್ಟಿನ, ಸೆಕೆಂಡಿಗೆ 25 ಆವರ್ತಗಳ ಪರ್ಯಾಯ ವಿದ್ಯುತ್ತು ಒಳಗೆ ಹೋಗಿ ಗಂಟೆಯನ್ನು ಅಲುಗಿಸುತ್ತದೆ. ಪಿಯುಸಿಯಲ್ಲಿ ಕೆಪಾಸಿಟರ್ ಓದುವವರು 'ಇದರ ಉಪಯೋಗವೇನು ಸರ್' ಎಂದು ಕೇಳಿದಾಗ ನಾನು ಹೇಳುವ ಮೊದಲ ಉದಾಹರಣೆ ಇದು.

ಇಷ್ಟು ತಿಳಿದರೆ ರೋಗದ ಲಕ್ಷಣ ನೋಡಿ ರೋಗ ಹೇಳಬಹುದು. ಎತ್ತಿದರೆ ಪೂರ್ಣ ಮೌನ, ಊದಿದರೆ ನಿಮ್ಮ ಉಸಿರೂ ನಿಮಗೆ ಕೇಳಿಸುವುದಿಲ್ಲ, ಹೊರಗಿನವರಿಗೆ ಮಾತ್ರ ಗಂಟೆ ಬಾರಿಸುತ್ತದೆ ಎಂದರೆ ತಂತಿ ಎಲ್ಲೋ ಹರಿದಿದೆ. ಎರಡೂ ಹರಿಯಬೇಕಿಲ್ಲ, ಒಂದು ಸಾಕು. ಹೋಗುವ ದಾರಿ ಇದ್ದು ಬರುವ ದಾರಿ ಇಲ್ಲದಿದ್ದರೆ ಕರೆಂಟು ಹೊರಡುವುದೇ ಇಲ್ಲ. ಇಲ್ಲಿಯೂ ಮೌನವೇ, ಆದರೆ ಹೊರಗಿನವರಿಗೆ ಯಾವಾಗಲೂ ಎಂಗೇಜ್ ಸದ್ದು ಬರುತ್ತಿದೆ ಎಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ. ಕರೆಂಟು ಆ ಜಾಗದಿಂದಲೇ ಮರಳಿಬಿಡುತ್ತದೆ, ಎಕ್ಸ್‌ಚೇಂಜು ನೀವು ಫೋನ್ ಎತ್ತಿಟ್ಟಿದ್ದೀರಿ ಎಂದುಕೊಳ್ಳುತ್ತದೆ. ಕರಕರ ಸದ್ದು ಬಂದರೆ ಜೋಡಣೆ ಸಡಿಲವಾಗಿದೆ ಅಥವಾ ನೀರು ಹೊಕ್ಕಿದೆ. ಗುಂಯ್ ಎಂಬ ಹಮ್ಮು ಬಂದರೆ ಒಂದು ತಂತಿ ಗೋಡೆಯ ಹಸಿಗೋ ಮಣ್ಣಿಗೋ ತಾಗಿರುವ ಸಂಭವ ಹೆಚ್ಚು.

ಈ ಹಮ್ಮಿಗೆ ಹಳೆಯ ಕಥೆಯೊಂದಿದೆ. ಮೊದಮೊದಲು ಟೆಲಿಫೋನಿಗೂ ತಂತಿಯಂಚೆಯಂತೆ ಒಂದೇ ತಂತಿ ಹಾಕಿ, ಮರಳುವ ದಾರಿಗೆ ಭೂಮಿಯನ್ನೇ ಬಳಸುತ್ತಿದ್ದರು. ಪಟ್ಟಣಗಳಲ್ಲಿ ವಿದ್ಯುತ್ ದೀಪ, ಟ್ರಾಮು ಬಂದ ಮೇಲೆ ಅವುಗಳ ಗದ್ದಲವೆಲ್ಲ ಟೆಲಿಫೋನಿನೊಳಗೆ ನುಗ್ಗಿತು. ಎರಡು ತಂತಿ ಹಾಕಿ ಅವನ್ನು ಹುರಿಯಂತೆ ಹೆಣೆಯಬೇಕೆಂಬ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ. ಹೆಣೆದಾಗ ಹೊರಗಿನ ವಿದ್ಯುತ್ತು ಎರಡೂ ತಂತಿಗಳ ಮೇಲೆ ಸಮಸಮನಾಗಿ ಪ್ರಭಾವ ಬೀರಿ, ಫೋನಿನಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ. ಒಂದು ತಂತಿ ಭೂಮಿಗೆ ತಾಗಿದರೆ ಈ ಸಮತೋಲ ಕೆಡುತ್ತದೆ. ಆಗ ಪಕ್ಕದ ತೋಟದ ಪಂಪಿನ ಲೈನೂ ನಿಮ್ಮ ಫೋನಿನಲ್ಲಿ ಹಾಡತೊಡಗುತ್ತದೆ.

ಬಬಲೇಶ್ವರದ ಮನೆಗೆ ಬರೋಣ. ಕಂಬದಿಂದ ಬಂದ ಜೋಡಿ ತಂತಿ ಪಡಸಾಲೆಯ ಗೋಡೆಯ ಚಿಕ್ಕ ಪೆಟ್ಟಿಗೆಗೆ ಕೂಡುತ್ತಿತ್ತು. ಲೈನ್‌ಮನ್‌ಗಳು ಅದಕ್ಕೆ ರೋಸೆಟ್ ಎನ್ನುತ್ತಾರೆ. ಅಲ್ಲಿಂದ ಒಳಕೋಣೆಯ ಫೋನಿನವರೆಗೆ ಇನ್ನೊಂದು ತಂತಿ, ಇದು ಮನೆಯವರದು. ನಾನು ಮಾಡಿದ ಮೊದಲ ಕೆಲಸ, ಫೋನನ್ನೇ ಎತ್ತಿಕೊಂಡು ಬಂದು ರೋಸೆಟ್ಟಿನ ಎರಡು ತಿರುಪುಗಳಿಗೆ ನೇರವಾಗಿ ಜೋಡಿಸಿದ್ದು. ಡಯಲ್ ಟೋನ್ ಬಂತು! ಅಂದರೆ ಎಕ್ಸ್‌ಚೇಂಜಿನಿಂದ ಪಡಸಾಲೆಯವರೆಗೆ ಎಲ್ಲ ಸರಿ, ಫೋನೂ ಸರಿ. ಕೆಟ್ಟದ್ದು ನಡುವಿನ ಹತ್ತು ಮೀಟರು. ಟೋನ್ ಬರದೇ ಇದ್ದಿದ್ದರೆ ನಮ್ಮ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ಉಳಿದದ್ದು ದೂರು ಕೊಟ್ಟು ಕಾಯುವುದು. ಎಲ್ಲ ಕಡೆ ತಡಕಾಡುವ ಬದಲು ಮಧ್ಯದಲ್ಲಿ ಒಂದು ಕಡೆ ನಿಂತು 'ಇಲ್ಲಿಯವರೆಗೆ ಸರಿಯಿದೆಯೇ?' ಎಂದು ಕೇಳಿದರೆ ಅರ್ಧ ದಾರಿ ಒಮ್ಮೆಲೇ ಕಳಚಿಹೋಗುತ್ತದೆ.

ಆ ಹತ್ತು ಮೀಟರಿನಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಮೇಲಿನ ಪ್ಲಾಸ್ಟಿಕ್ಕು ಉದ್ದಕ್ಕೂ ನೆಟ್ಟಗಿತ್ತು. ಇಲ್ಲೊಂದು ಯುಕ್ತಿಯಿದೆ. ತಂತಿಯನ್ನು ಒಂದೊಂದು ಗೇಣಿನಂತೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತ ಹೋಗಬೇಕು. ಒಳಗೆ ತಾಮ್ರವಿದ್ದಲ್ಲಿ ಅದು ಜಗ್ಗುವುದಿಲ್ಲ. ತಾಮ್ರ ತುಂಡಾಗಿದ್ದಲ್ಲಿ ಪ್ಲಾಸ್ಟಿಕ್ಕು ಮಾತ್ರ ರಬ್ಬರಿನಂತೆ ಉದ್ದವಾಗುತ್ತದೆ. ಒಳಕೋಣೆಯ ಬಾಗಿಲ ಚೌಕಟ್ಟಿನ ಬಳಿ ಎರಡು ಎಳೆಗಳಲ್ಲಿ ಒಂದು ಹೀಗೆ ಜಗ್ಗಿತು. ಬಾಗಿಲು ತೆರೆದಾಗಲೆಲ್ಲ ಅಲ್ಲಿ ತಂತಿ ಮಡಚುತ್ತಿತ್ತು. ಲೋಹವನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ಗಡುಸಾಗಿ ಕೊನೆಗೆ ಮುರಿಯುತ್ತದೆ. ಕತ್ತರಿ ಇಲ್ಲದಾಗ ಕಬ್ಬಿಣದ ತಂತಿಯನ್ನು ನಾವೆಲ್ಲ ಹಾಗೇ ಮುರಿಯುತ್ತೇವಲ್ಲ!

ಜೋಡಿಸುವುದು ಸುಲಭ, ಸರಿಯಾಗಿ ಜೋಡಿಸುವುದು ಸ್ವಲ್ಪ ಕಷ್ಟ. ಮೊದಲು ರೋಸೆಟ್ಟಿನ ಕಡೆ ತಂತಿಯನ್ನು ಬಿಚ್ಚಿಬಿಡಿ. ಇದನ್ನು ಮರೆಯಬಾರದು. 48 ವೋಲ್ಟು ಒಣ ಕೈಗೆ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ನೀವು ತಂತಿ ಹಿಡಿದಾಗಲೇ ಯಾರಾದರೂ ಕರೆ ಮಾಡಿದರೆ ಗಂಟೆಯ ವೋಲ್ಟು ಕೈಯನ್ನು ಜಾಡಿಸುತ್ತದೆ. ಗುಡುಗು ಮಿಂಚಿನ ದಿನ ಈ ಕೆಲಸಕ್ಕೆ ಕೈ ಹಚ್ಚಲೇಬಾರದು. ತಂದೆತಾಯಂದಿರಿಗೆ ಒಂದು ಮಾತು: ಮಕ್ಕಳು ಮಾಡುವಾಗ ಪಕ್ಕದಲ್ಲಿರಿ, ಬೈಯಬೇಡಿ, ಆದರೆ ಕಂಬದ ಹತ್ತಿರ ಬಿಡಬೇಡಿ. ಕಂಬದಿಂದ ಬರುವ ತಂತಿಯ ಮೇಲೆ ವಿದ್ಯುತ್ ಲೈನು ಎಲ್ಲಿ ಬಿದ್ದಿದೆಯೋ ನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲ.

ತುಂಡಾದ ಎರಡೂ ತುದಿಗಳಲ್ಲಿ ಒಂದೂವರೆ ಅಂಗುಲ ಪ್ಲಾಸ್ಟಿಕ್ ಬಿಡಿಸಿ, ತಾಮ್ರವನ್ನು ಚಾಕುವಿನ ಬೆನ್ನಿನಿಂದ ಹೊಳೆಯುವವರೆಗೆ ಕೆರೆಯಬೇಕು. ಮಬ್ಬು ಪದರ ಉಳಿದರೆ ಇಂದು ಟೋನ್ ಬಂದರೂ ಮಳೆಗಾಲದಲ್ಲಿ ಕರಕರ ಶುರುವಾಗುತ್ತದೆ. ಎರಡನ್ನೂ ಅಡ್ಡ ಇಟ್ಟು, ಪ್ರತಿಯೊಂದನ್ನೂ ಇನ್ನೊಂದರ ಮೈಗೆ ಐದಾರು ಸುತ್ತು ಬಿಗಿಯಾಗಿ ಸುತ್ತಬೇಕು. ಜಡೆಯ ತುದಿಯಂತೆ ಎರಡನ್ನೂ ಸೇರಿಸಿ ತಿರುವಿದರೆ ಸಾಲದು, ಎಳೆದರೆ ಬಿಚ್ಚುತ್ತದೆ. ಬೆಸುಗೆ ಹಾಕಿದರೆ ಇನ್ನೂ ಒಳ್ಳೆಯದು. ಎರಡೂ ಎಳೆಗಳನ್ನು ಜೋಡಿಸುವ ಪ್ರಸಂಗ ಬಂದರೆ ಎರಡು ಗಂಟುಗಳು ಎದುರುಬದುರು ಬರದಂತೆ ಒಂದನ್ನು ಎರಡು ಅಂಗುಲ ಆಚೆ ಮಾಡಿ. ಎದುರುಬದುರಿದ್ದು ಟೇಪು ಸಡಿಲಾದರೆ ಹರಿದ ರೋಗ ಹೋಗಿ ತಾಗುವ ರೋಗ ಬರುತ್ತದೆ. ಆಯಿಯ ಮನೆಯಲ್ಲಿ ನಾನು ಇಷ್ಟನ್ನೆಲ್ಲ ಮಾಡಿದ ಮೇಲೆ ತಂತಿಯನ್ನು ಬಾಗಿಲಿನಿಂದ ಸರಿಸಿ ಮೇಲಿನಿಂದ ಹಾಯಿಸಿದೆ. ಅದನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ರಿಸೀವರಿನ ಸುರುಳಿ ತಂತಿ ಮಾತ್ರ ಹೀಗೆ ರಿಪೇರಿಯಾಗುವುದಿಲ್ಲ. ಹಾಳಾದ ಒಂದನ್ನು ಕತ್ತರಿಸಿ ನೋಡಿ. ಒಳಗೆ ತಂತಿಯೇ ಇರುವುದಿಲ್ಲ, ದಾರ ಇರುತ್ತದೆ! ಆ ದಾರದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಪಟ್ಟಿ ಸುತ್ತಿರುತ್ತಾರೆ, ಸಾವಿರ ಸಲ ಎಳೆದರೂ ಮುರಿಯಬಾರದೆಂದು. ಬೆಸುಗೆಗೆ ಅದು ಒಗ್ಗುವುದಿಲ್ಲ. ಅಂಗಡಿಯಿಂದ ಹೊಸದು ತಂದು ಸಿಕ್ಕಿಸುವುದೇ ಸರಿ.

ಹರಿದದ್ದು ಮನೆಯಲ್ಲಿ ಅಲ್ಲದೆ ಮೈಲಿ ದೂರದಲ್ಲಿ, ನೆಲದೊಳಗಿದ್ದರೆ? ನಮ್ಮ ಕಡೆ ಇದು ಸಾಮಾನ್ಯ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹೂತ ಕೇಬಲ್ಲನ್ನು ವರ್ಷಕ್ಕೊಮ್ಮೆ ಎಳೆದು ಬಿಡುವ ಮಣ್ಣಿದು. ಕಂಬಗಳು ವಾಲುವುದೂ ಇದರಿಂದಲೇ. ಊರಿನುದ್ದಕ್ಕೂ ಅಗೆಯಲು ಸಾಧ್ಯವೇ? ಇಲ್ಲಿ ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿನವರು ಮಾಡುತ್ತಿದ್ದುದು ನಿಮ್ಮ ಪಠ್ಯಪುಸ್ತಕದ ಕೆಲಸವೇ. ತಂತಿಗಳು ತಾಗಿದ್ದರೆ ಓಮನ ನಿಯಮ: ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಜೋಡಿಗೆ ಕಿಲೋಮೀಟರಿಗೆ ಹೋಗಿ ಬರುವ ರೋಧ ಸುಮಾರು 175 ಓಂ. ಅಳತೆಯಲ್ಲಿ 70 ಓಂ ಬಂದರೆ ತಾಗಿದ ಜಾಗ 400 ಮೀಟರ್ ದೂರದಲ್ಲಿದೆ. ಹರಿದಿದ್ದರೆ ಕರೆಂಟೇ ಹರಿಯುವುದಿಲ್ಲ, ರೋಧ ಅಳೆಯುವುದು ಹೇಗೆ? ಆಗ ಕೆಪಾಸಿಟರ್ ನೆರವಿಗೆ ಬರುತ್ತದೆ. ಅಕ್ಕಪಕ್ಕ ಸಾಗುವ ಎರಡು ತಂತಿಗಳು ತಾವೇ ಒಂದು ಕೆಪಾಸಿಟರ್, ಕಿಲೋಮೀಟರಿಗೆ ಸುಮಾರು 0.05 ಮೈಕ್ರೋಫ್ಯಾರಡ್. ಗಂಟೆಯ ಕೆಪಾಸಿಟರ್ ಒಂದರಿಂದ ಎರಡು ಮೈಕ್ರೋಫ್ಯಾರಡ್. ಮೀಟರಿಗೆ ಜೋಡಿಸಿದಾಗ ಮುಳ್ಳು ದೊಡ್ಡದಾಗಿ ಜಿಗಿದರೆ ಫೋನಿನವರೆಗೆ ತಂತಿ ಇದೆ. ಸಣ್ಣಗೆ ಜಿಗಿದರೆ ನಡುವೆ ಹರಿದಿದೆ, ಎಷ್ಟು ಸಣ್ಣದೋ ಅಷ್ಟು ಹತ್ತಿರದಲ್ಲಿ.

ಈಗ ಇನ್ನೊಂದು ಉಪಾಯ ಬಳಕೆಯಲ್ಲಿದೆ, ಅದನ್ನು ತಿಳಿಯಲು ವಿಜಯಪುರದವರಿಗೆ ಪುಸ್ತಕ ಬೇಡ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಆಚೆ ಗೋಡೆಗೆ ಬಡಿದು ಮರಳುತ್ತದೆ. ಒಳವ್ಯಾಸ ಸುಮಾರು 38 ಮೀಟರ್, ಹೋಗಿ ಬರಲು ಶಬ್ದಕ್ಕೆ ಕಾಲು ಸೆಕೆಂಡಿಗಿಂತ ತುಸು ಕಡಿಮೆ. ಸಮಯ ಅಳೆದರೆ ದೂರ ಸಿಕ್ಕಿತು. ಕೇಬಲ್ಲಿನೊಳಗೆ ವಿದ್ಯುತ್ತಿನ ಒಂದು ಚಿಕ್ಕ ಮಿಡಿತ ಕಳಿಸಿದರೆ ಅದೂ ಹರಿದ ತುದಿಗೆ ಬಡಿದು ಮರಳುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರ್ ದೂರದ ಹರುಕಿನಿಂದ ಪ್ರತಿಧ್ವನಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಸಾಕು.

ನೆಲದ ಕೇಬಲ್ಲಿಗೆ ನೀರೂ ವೈರಿ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಯ ಧನಧ್ರುವವನ್ನು ಭೂಮಿಗೆ ಜೋಡಿಸಿ, ತಂತಿಯನ್ನು ಋಣ 48 ವೋಲ್ಟಿನಲ್ಲಿ ಇಡುವುದು ಇದೇ ಕಾರಣಕ್ಕೆ. ಹತ್ತನೆಯ ತರಗತಿಯವರು ವಿದ್ಯುದ್ವಿಭಜನೆಯ ಪ್ರಯೋಗ ನೆನೆಯಲಿ. ಕರಗುವುದು ಧನಧ್ರುವದ ತಾಮ್ರ. ತಂತಿ ಋಣವಾಗಿದ್ದರೆ ಹಸಿ ಮಣ್ಣಿನಲ್ಲೂ ಅಷ್ಟು ಬೇಗ ಸವೆಯುವುದಿಲ್ಲ.

ಹಳ್ಳಿಗೆ ಟೆಲಿಫೋನ್ ಬಂದ ಕಥೆಯಲ್ಲಿ ನಮ್ಮ ಕಡೆಯ ಒಂದು ಊರಿನ ಹೆಸರಿದೆ ಎಂಬುದು ಮಕ್ಕಳಿಗೆ ಗೊತ್ತಿರಲಿ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯೇ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜನ್ನು ಮೊದಲು ನಡೆಸಿ ನೋಡಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ನಮ್ಮ ಧೂಳು ಬಿಸಿಲಿನಲ್ಲಿ ಕೆಲಸ ಮಾಡುವಂತೆ ಅದನ್ನು ಮಾಡಿದ್ದರು. ಅಂಥ ಯಂತ್ರಗಳು ಹಳ್ಳಿಹಳ್ಳಿಗೆ ಹರಡಿದ್ದರಿಂದಲೇ ಆಯಿಯಂಥವರ ಮನೆಯಲ್ಲಿ ಗಂಟೆ ಬಾರಿಸಿತು.

ಈಗ ತಾಮ್ರ ಹಿಂದೆ ಸರಿಯುತ್ತಿದೆ. ಕಂಬದಿಂದ ಮನೆಗೆ ಗಾಜಿನ ಎಳೆ ಬರುತ್ತದೆ, ಅದರಲ್ಲಿ ಹರಿಯುವುದು ಬೆಳಕು. ಅದು ಹರಿದರೆ ಚಾಕು, ಟೇಪಿನಿಂದ ಆಗುವುದಿಲ್ಲ, ತುದಿಗಳನ್ನು ಕರಗಿಸಿ ಬೆಸೆಯುವ ಯಂತ್ರವೇ ಬೇಕು. ತುಂಡಾದ ಎಳೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚೂರು ಚರ್ಮದಲ್ಲಿ ಹೊಕ್ಕರೆ ಕಾಣುವುದೂ ಇಲ್ಲ. ಗಾಜು ಕರೆಂಟು ಒಯ್ಯದ ಕಾರಣ ಮನೆಯ ಪೆಟ್ಟಿಗೆಗೆ ಕರೆಂಟು ಬೇಕು. ಕರೆಂಟು ಹೋದರೆ, ಬ್ಯಾಟರಿ ಇಟ್ಟುಕೊಳ್ಳದವರ ಫೋನೂ ಹೋಯಿತು. ಹಳೆಯ ಫೋನಿಗೆ ಈ ತೊಂದರೆ ಇರಲಿಲ್ಲ ಎಂದು ನಾನು ಹೇಳಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ, ನಗಲಿ.

ಆದರೆ ಆ ಪೆಟ್ಟಿಗೆಯಿಂದ ಮೇಜಿನ ಫೋನಿನವರೆಗೆ ಇಂದಿಗೂ ಅದೇ ಎರಡು ತಾಮ್ರದ ತಂತಿ. ಎಕ್ಸ್‌ಚೇಂಜು ಮಾಡುತ್ತಿದ್ದ ಕೆಲಸವನ್ನು ಪೆಟ್ಟಿಗೆಯೇ ಮಾಡುತ್ತದೆ: ವೋಲ್ಟು ಕೊಡುತ್ತದೆ, ಗಂಟೆ ಬಾರಿಸುತ್ತದೆ, ನೀವು ಎತ್ತಿದಿರೋ ಇಲ್ಲವೋ ನೋಡುತ್ತದೆ. ಆದ್ದರಿಂದ ತಿಕೋಟಾದ ತಂಗಿ, ನಿಮ್ಮ ಹೆಡ್‌ಮಾಸ್ತರರ ಅಪ್ಪಣೆ ಪಡೆದು, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು ಹೀಗೆ ಮಾಡು. ಮೊದಲು ಫೋನಿನ ಗಂಟೆಯ ಗುಂಡಿ ತಗ್ಗಿಸಿ ಇಟ್ಟಿಲ್ಲವಷ್ಟೇ ಎಂದು ನೋಡು. ಆಮೇಲೆ ಫೋನನ್ನು ಪೆಟ್ಟಿಗೆಯ ಪಕ್ಕಕ್ಕೇ ಒಯ್ದು, ಬೇರೆ ಚಿಕ್ಕ ತಂತಿಯಿಂದ ಸಿಕ್ಕಿಸಿ ಟೋನ್ ಕೇಳು. ಬಂದರೆ ಗೋಡೆಗುಂಟ ಹೋದ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಿ, ಮೊಳೆ ಹೊಡೆದಲ್ಲಿ, ಬಾಗಿಲ ಮೂಲೆಯಲ್ಲಿ, ಕಪಾಟಿನ ಹಿಂದೆ ಮೆಲ್ಲಗೆ ಜಗ್ಗಿ ನೋಡುತ್ತ ಹೋಗು. ಕಪಾಟಿನ ಹಿಂದೆ ಇಲಿ ಕಡಿದ ಗುರುತಿದೆಯೇ ಎಂಬುದನ್ನೂ ನೋಡು. ಯಾವ ಜಾಗದಲ್ಲಿ ಜಗ್ಗಿತು, ಒಂದೇ ಎಳೆಯೋ ಎರಡೂ ಎಳೆಯೋ ಎಂದು ಒಂದು ಕಾರ್ಡು ಬರೆದು ತಿಳಿಸು.